ಯಾರ ಗಂಟಲಿನ ಹಕ್ಕಿ

ಚಿಕ್ಕಮ್ಮನ ನಿನ್ನೆಯ ದನಿ ಅವಳ ಇವತ್ತಿನ ದನಿಯನ್ನು ಮೀರಿಸಿದ ದಿನ ಹೂವಿನ ಮಂಡಿಯಲ್ಲಿ ಯಾರೂ ನಗಲಿಲ್ಲ. ಸೇವಂತಿಗೆಯ ಬುಟ್ಟಿ ಮುಂದಿಟ್ಟುಕೊಂಡು ಅವಳು ಹರಾಜು ಕೂಗುತ್ತಿದ್ದಳು. ಅದೇ ಹೊತ್ತಿಗೆ ನಿನ್ನೆಯ ಕೂಗು ತಗಡಿನ ಮಾಡಿನಿಂದ ಇಳಿದು ಬಂತು. ಎಂದಿನಂತೆ ಅವಳು ಅದಕ್ಕಿಂತ ದನಿ ಏರಿಸಿ ಕೂಗಬೇಕಿತ್ತು. ದನಿ ಏರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಹೊಸ ಗಿರಾಕಿಯೊಬ್ಬ ನಿನ್ನೆಯ ಮಲ್ಲಿಗೆಗೆ ಇವತ್ತು ಬೆಲೆ ಕಟ್ಟಿಬಿಟ್ಟ.

ನಮ್ಮೂರಿನಲ್ಲಿ ಸೂರಿನ ಕೆಳಗೆ ಆಡಿದ ಮಾತು ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಒಂದು ಸಲ ಮರಳಿ ಕೇಳಿಸುತ್ತದೆ. ಆಮೇಲೆ ಹೋಗುತ್ತದೆ. ಅದಕ್ಕೇ ನಮ್ಮವರು ಮುಖ್ಯವಾದ ಮಾತನ್ನೆಲ್ಲ ವಾರದ ಹೆಸರು ಹೇಳಿ ಶುರುಮಾಡುತ್ತಾರೆ. ‘ಬುಧವಾರ, ಅಕ್ಕಿ ಮುಗಿದಿದೆ’ ಎಂದರೆ ಗುರುವಾರ ಕೇಳಿದವರು ಇನ್ನೊಮ್ಮೆ ಅಂಗಡಿಗೆ ಓಡುವುದಿಲ್ಲ. ನೆಂಟರು ಕೂತಿದ್ದಾಗ ನಿನ್ನೆಯ ಜಗಳ ಮರಳಿ ಬಂದರೆ ‘ನಿನ್ನೇದು, ಬಿಡಿ’ ಎಂದು ಮುಖ ತಿರುಗಿಸಿಕೊಳ್ಳುವುದು ಮರ್ಯಾದೆ. ಬೇಕೆಂದೇ ಕಾದು ಕೂತು ಬೇರೆಯವರ ನಿನ್ನೆಯನ್ನು ಕೇಳುವವರಿಗೆ ನಿನ್ನೆಗಳ್ಳರು ಎಂದು ಹೆಸರು. ಮಕ್ಕಳಿಗೆ ಕಲಿಸುವ ಮೊದಲ ನಾಚಿಕೆಯೇ ಅದು.

ಚಿಕ್ಕಪ್ಪ ನಾಗಭೂಷಣನ ಕಸುಬು ಈ ಊರಿನಲ್ಲಿ ಮಾತ್ರ ಇರಬಹುದಾದ ಕಸುಬು. ಕೆರೆಯ ದಂಡೆಯ ಮೌನಮನೆಯನ್ನು ಅವನು ನೋಡಿಕೊಳ್ಳುತ್ತಿದ್ದ. ಹೆಣ್ಣು ನೋಡಲು ಬರುವವರಿಗೆ, ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರಿಗೆ, ಹಿಂದಿನ ದಿನ ಒಂದು ಸೊಲ್ಲೂ ಬಿದ್ದಿರದ ಜಾಗ ಬೇಕಲ್ಲ. ಅಂಥ ಜಾಗವನ್ನು ಕಾಯುತ್ತ ಕಾಯುತ್ತ ಅವನೇ ಮಾತು ಕಡಿಮೆ ಮಾಡಿಕೊಂಡಿದ್ದ. ಚಿಕ್ಕಮ್ಮ ಮಂಡಿಯಲ್ಲಿ ಕೂಗಿ ಬಂದು ಮನೆಯಲ್ಲೂ ಕೂಗುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ. ನನ್ನ ಅಜ್ಜಿ, ಅಂದರೆ ಚಿಕ್ಕಮ್ಮನ ತಾಯಿ, ಮನೆ ಅಳಿಯನ ಈ ಹೂಂಗಳನ್ನು ಯಾವತ್ತೂ ನಂಬಿದವಳಲ್ಲ. ಆ ಮೂವರ ನಡುವೆ ಬೆಳೆದ ನಾನು, ಸುಗುಣ, ಅಜ್ಜಿಯ ಕಥೆಗಳನ್ನೂ ಅವಳ ಗುಮಾನಿಗಳನ್ನೂ ಒಟ್ಟೊಟ್ಟಿಗೆ ಉಂಡವಳು.

‘ದಾಕ್ಷು, ತೋರಿಸು ಕತ್ತು’ ಎಂದಳು ಅಜ್ಜಿ ಆ ಸಂಜೆ. ದೀಪದ ಕಡೆ ತಿರುಗಿಸಿ ನೋಡಿದರೆ ಚಿಕ್ಕಮ್ಮನ ಗಂಟಲ ಬಲಗಡೆ ನೇರಳೆಹಣ್ಣಿನಷ್ಟು ಉಬ್ಬು. ಬೆರಳಿಗೆ ಸಿಕ್ಕಿ ಜಾರುತ್ತಿತ್ತು.

‘ಹಕ್ಕಿ’ ಎಂದೆ ನಾನು. ಬಾಯಿಗೆ ಬಂದೇಬಿಟ್ಟಿತು. ಅಜ್ಜಿಯ ಕಥೆಯೊಂದರಲ್ಲಿ, ಆಡಬೇಕಾದ ಮಾತನ್ನು ಆಡದೆ ನುಂಗಿದವರ ಗಂಟಲಿಗೆ ಒಂದು ಹಕ್ಕಿ ಬರುತ್ತದೆ. ನುಂಗಿದ ಮಾತೇ ಅದಕ್ಕೆ ಕಾಳು. ಕಾಳು ಹೆಚ್ಚಾದಂತೆ ಅಲ್ಲೇ ಗೂಡು ಕಟ್ಟುತ್ತದೆ.

ಅಜ್ಜಿ ಮಗಳ ಕತ್ತನ್ನು ಬಿಟ್ಟು ನನ್ನನ್ನು ನೋಡಿದಳು. ‘ಇವಳು ಹುಟ್ಟಿದಾಗಿನಿಂದ ಒಂದು ಮಾತಾದ್ರೂ ನುಂಗಿದ್ದಾಳೇನೆ? ಆ ಹಕ್ಕಿ ಇವಳ ಹತ್ರ ಬಂದ್ರೆ ಉಪವಾಸ ಸಾಯುತ್ತೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ.’

ದಿಬ್ಬದ ಮೇಲಿನ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಅನಘಾ ಹೊರಗಿನವರು. ವಾರ ಹೇಳುವುದನ್ನು ಮರೆತು, ನರ್ಸಮ್ಮ ಕೆಮ್ಮಿದ ಮೇಲೆ ನೆನಪಿಸಿಕೊಂಡು ಹೇಳುತ್ತಿದ್ದರು. ಅಲ್ಲಿ ರೋಗಿಗಳನ್ನು ನೋಡಲು ಎರಡು ಕೋಣೆ. ಒಂದು ದಿನ ಒಂದರಲ್ಲಿ, ಮರುದಿನ ಇನ್ನೊಂದರಲ್ಲಿ. ನಿನ್ನೆ ಮಾತಾಡಿದ ಕೋಣೆಗೆ ಇವತ್ತು ಚಿಲಕ ಹಾಕಿ, ಅದು ತನ್ನಷ್ಟಕ್ಕೆ ಮಾತಾಡಿ ಖಾಲಿಯಾಗಲಿ ಎಂದು ಬಿಡುತ್ತಿದ್ದರು. ಬೀಗ ಹಾಕುತ್ತಿರಲಿಲ್ಲ. ನಿನ್ನೆಗಳ್ಳತನಕ್ಕೆ ಆಸ್ಪತ್ರೆಯವರೆಗೆ ಹೋಗುವವರು ಇರುತ್ತಾರೆಂದು ಯಾರಿಗೂ ಅನ್ನಿಸಿರಲಿಲ್ಲ.

ಡಾಕ್ಟರ್ ಚಿಕ್ಕಮ್ಮನ ಕೈಗೆ ಒಂದು ಲೋಟ ನೀರು ಕೊಟ್ಟರು. ‘ಒಂದು ಗುಟುಕು ಬಾಯಲ್ಲಿ ಇಟ್ಕೊಳಿ. ನಾನು ಹೇಳಿದಾಗ ನುಂಗಿ.’ ನುಂಗಿದಾಗ ಉಬ್ಬು ಮೇಲೆ ಹೋಗಿ ಕೆಳಗೆ ಬಂತು. ‘ಥೈರಾಯ್ಡ್ ಗ್ರಂಥಿಯಲ್ಲಿರೋ ಗಂಟು. ಇಂಥ ಗಂಟು ಎಷ್ಟೋ ಜನಕ್ಕಿರುತ್ತೆ. ಬಹಳಷ್ಟು ಏನೂ ಮಾಡಲ್ಲ.’

ಚಿಕ್ಕಮ್ಮ ಮಿಕ್ಕ ನೀರನ್ನು ಪಕ್ಕದಲ್ಲಿದ್ದ ಚಿಕ್ಕಪ್ಪನಿಗೆ ಕೊಟ್ಟಳು. ಅವನು ಗಟಗಟ ಕುಡಿದ. ಡಾಕ್ಟರ ಕಣ್ಣು ಅವನ ಮೇಲೆ ನಿಂತಿತು. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಂತಿತು. ನಾನದನ್ನು ನೋಡಿದೆ, ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡೆ.

ಸ್ಕ್ಯಾನ್ ಆಯಿತು. ಸಣ್ಣ ಸೂಜಿ ಚುಚ್ಚಿ ಗಂಟಿನೊಳಗಿಂದ ಒಂದಿಷ್ಟು ಜೀವಕೋಶ ತೆಗೆದರು. ಮುಂದಿನ ವಾರ ಹೋದಾಗ ಡಾಕ್ಟರ್ ಹೇಳಿದ್ದು ನಮಗ್ಯಾರಿಗೂ ಹಿಡಿಸಲಿಲ್ಲ. ಸೂಜಿಯಲ್ಲಿ ಬಂದದ್ದನ್ನು ನೋಡಿದರೆ ಕ್ಯಾನ್ಸರ್ ಎಂದೂ ಹೇಳುವಂತಿಲ್ಲ, ಅಲ್ಲ ಎಂದೂ ಹೇಳುವಂತಿಲ್ಲ.

‘ಇದೇನ್ ಡಾಕ್ಟ್ರೆ, ಮಂಡೀಲಿ ನಾನು ಹೂವಿಗೆ ಬೆಲೆ ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ’ ಎಂದಳು ಚಿಕ್ಕಮ್ಮ. ದನಿ ಸೀಳುಸೀಳಾಗಿತ್ತು.

‘ಅದಕ್ಕೇ ಇನ್ನೊಂದು ಪರೀಕ್ಷೆ ಇದೆ’ ಎಂದರು ಡಾಕ್ಟರ್. ನರ್ಸಮ್ಮ ಕೆಮ್ಮಿದರು. ‘ಹಾಂ, ಸೋಮವಾರ. ಜೀವಕೋಶದ ಒಳಗೆ ಬೆಳಿ, ನಿಲ್ಲು ಅಂತ ಹೇಳೋ ಸ್ವಿಚ್‌ಗಳಿರುತ್ತೆ ಅಂದ್ಕೊಳಿ. ಕೆಲವರಲ್ಲಿ ಒಂದು ಸ್ವಿಚ್ ಕೆಟ್ಟು, ಬೆಳಿ ಅನ್ನೋ ಕಡೆಗೇ ಸಿಕ್ಕಿಹಾಕ್ಕೊಂಡಿರುತ್ತೆ. ಅದನ್ನ ಮ್ಯುಟೇಶನ್ ಅಂತಾರೆ. ಸೂಜಿಯಲ್ಲಿ ಬಂದಿದ್ರಲ್ಲೇ ಅದನ್ನ ಹುಡುಕಬಹುದು. ದೊಡ್ಡ ಲ್ಯಾಬಿಗೆ ಕಳಿಸ್ತೀನಿ. ಕೆಲವು ಮ್ಯುಟೇಶನ್ ಸಿಕ್ಕಿದ್ರೆ ಕ್ಯಾನ್ಸರ್ ಅಂತ ಹೆಚ್ಚುಕಮ್ಮಿ ಖಚಿತ, ಆಪರೇಷನ್ ಮಾಡ್ಬೇಕು. ಏನೂ ಸಿಗದಿದ್ರೆ ಕ್ಯಾನ್ಸರ್ ಇರೋ ಸಾಧ್ಯತೆ ತುಂಬಾ ಕಮ್ಮಿ, ಕತ್ತು ಕೊಯ್ಯದೇ ಕಾಯಬಹುದು.’

‘ಕೊಯ್ದರೆ ದನಿ?’

‘ದನಿಯ ನರ ಆ ಗ್ರಂಥಿಯ ಹಿಂದೇನೇ ಹೋಗುತ್ತೆ. ಸಾಮಾನ್ಯವಾಗಿ ಉಳಿಯುತ್ತೆ.’

 ದಿಬ್ಬ ಇಳಿಯುವಾಗ ಚಿಕ್ಕಮ್ಮ ಒಮ್ಮೆ ನಿಂತು, ‘ಸಾಮಾನ್ಯವಾಗಿ ಅಂದ್ರು’ ಎಂದಳು. ಅಷ್ಟೇ.

ಆ ಕಾಯುವ ದಿನಗಳಲ್ಲಿ ನನಗೆ ಕಂಡದ್ದೆಲ್ಲ ಅನುಮಾನ ಹುಟ್ಟಿಸುವಂಥದ್ದೇ. ಚಿಕ್ಕಪ್ಪ ಅಂಗಿಯ ಕೊರಳಗುಂಡಿಯನ್ನೂ ಹಾಕಿಕೊಳ್ಳತೊಡಗಿದ್ದ. ಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. ಮೌನಮನೆಗೆ ಸುಣ್ಣ ಹೊಡೆಸಬೇಕು ಎಂದು ಮಧ್ಯಾಹ್ನ ಹೊರಟರೆ ಸಂಜೆಗೆ ಬರುತ್ತಿದ್ದ. ಅಂಗಿಯ ಮೇಲೆ ಸುಣ್ಣದ ಒಂದು ಚುಕ್ಕಿಯೂ ಇರುತ್ತಿರಲಿಲ್ಲ. ಊಟಕ್ಕೆ ಕೂತರೆ ತುತ್ತನ್ನು ನಿಧಾನಕ್ಕೆ ಅಗಿಯುತ್ತ ಚಿಕ್ಕಮ್ಮನನ್ನು ನೋಡುತ್ತಿದ್ದ. ಯಾವುದೋ ಲೆಕ್ಕ ಹಾಕುವವನ ಹಾಗೆ.

‘ಅಜ್ಜಿ, ಚಿಕ್ಕಪ್ಪ ಏನೋ ಮುಚ್ಚಿಡ್ತಿದ್ದಾರೆ.’

‘ನಿಂಗೆ ಇವತ್ತು ಗೊತ್ತಾಯ್ತಾ? ನಾನು ಧಾರೆ ಎರೆದ ದಿನಾನೇ ಅಂದ್ಕೊಂಡೆ. ಹೂಂ ಅನ್ನೋ ಗಂಡಸಿನ ಹೊಟ್ಟೇಲಿ ಏನಿರುತ್ತೆ ಅಂತ ಬ್ರಹ್ಮಂಗೂ ತಿಳಿಯಲ್ಲ.’

ಒಂದು ಶುಕ್ರವಾರ ಬೆಳಿಗ್ಗೆ ಔಷಧಿ ಅಂಗಡಿಯ ತಾರಕ್ಕ ನನ್ನನ್ನು ಕರೆದು ಕೇಳಿದರು. ‘ನಿಮ್ಮ ಚಿಕ್ಕಪ್ಪ ನಿನ್ನೆ ನಾಲ್ಕು ಗಂಟೆ ಹೊತ್ತಿಗೆ ಆಸ್ಪತ್ರೆ ಮೆಟ್ಟಿಲು ಹತ್ತುತಿದ್ರಲ್ಲ, ಒಬ್ರೇ. ರಿಪೋರ್ಟ್ ಬಂತೇನಮ್ಮ?’

 ನಿನ್ನೆ ನಾಲ್ಕು ಗಂಟೆಗೆ ಅವನು ಸುಣ್ಣ ಹೊಡೆಸುತ್ತಿದ್ದ.

ಮಧ್ಯಾಹ್ನ ನಾನು ದಿಬ್ಬ ಹತ್ತಿದೆ. ಡಾಕ್ಟರ್ ಎಡಗಡೆಯ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಬಲಗಡೆಯದಕ್ಕೆ ಚಿಲಕ. ನರ್ಸಮ್ಮ ಯಾರದೋ ಕೈಗೆ ಪಟ್ಟಿ ಸುತ್ತುತ್ತಿದ್ದಾಗ ಚಿಲಕ ತೆಗೆದು ಒಳಗೆ ಸೇರಿಕೊಂಡೆ. ಖಾಲಿ ಕುರ್ಚಿಗಳ ನಡುವೆ ನಿನ್ನೆಯ ದನಿಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ಯಾರದೋ ಮಂಡಿ ನೋವು. ಯಾರದೋ ಮಗುವಿನ ವಾಂತಿ. ನಾನು ಕಿವಿ ಮುಚ್ಚಿಕೊಂಡೆ. ಎಷ್ಟಾದರೂ ನಾಚಿಕೆ ಕಲಿತವಳು. ಚಿಕ್ಕಪ್ಪನ ಕೆಮ್ಮು ಕೇಳಿದಾಗ ಬೆರಳು ತೆಗೆದೆ.

‘ಬನ್ನಿ, ಬಾಗಿಲು ಹಾಕಿ’ ಎಂದಿತು ಡಾಕ್ಟರ ದನಿ. ‘ಲ್ಯಾಬಿನಿಂದ ಬಂತು. ಮ್ಯುಟೇಶನ್ ಇದೆ. ಸೂಜಿ ಪರೀಕ್ಷೆಯಲ್ಲಿ ಕಂಡ ಅನುಮಾನವೇ ನಿಜ ಆಯ್ತು. ಗ್ರಂಥಿ ಪೂರ್ತಿ ತೆಗೆಯೋದೇ ಒಳ್ಳೇದು. ತಡ ಮಾಡೋದು ಬೇಡ.’

 ಆಮೇಲೆ ಚಿಕ್ಕಪ್ಪ. ಮದುವೆಯಾದಾಗಿನಿಂದ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

‘ಗುರುವಾರ ಹೇಳ್ತಾ ಇದೀನಿ ಡಾಕ್ಟ್ರೆ. ದಾಕ್ಷುಗೆ ಈ ವಿಷಯ ಈಗ್ಲೇ ಗೊತ್ತಾಗೋದು ಬೇಡ. ಸೋಮವಾರ ಕಳೀಲಿ. ಅಲ್ಲೀವರೆಗೂ ನಿಮ್ಮ ಬಾಯಿಂದ ಬರಬಾರದು.’

‘ಅದು ನಿಮ್ಮಿಷ್ಟ. ನಾನಾಗಿ ಹೇಳಲ್ಲ.’

 ವಾರದ ಹೆಸರು ಹೇಳಿ ಆಡಿದ ಮಾತು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಸೋಮವಾರ ಚಿಕ್ಕಮ್ಮನ ರಿಪೋರ್ಟ್ ಹೇಳುವ ದಿನ. ಇವರಿಬ್ಬರೂ ಸೇರಿ ಅವಳಿಗೆ ಏನೋ ಒಂದು ಸಿಹಿ ಸುಳ್ಳು ತಿನ್ನಿಸಿ ಕಳಿಸುತ್ತಾರೆ. ಯಾಕೆ? ಮಂಡಿಯ ಹಂಗಾಮು ಮುಗಿಯಲಿ ಎಂದೋ. ಗೂಡು ದೊಡ್ಡದಾಗಲಿ ಎಂದೋ. ಲೋಟದ ನೀರು ಕುಡಿಯುವಾಗ ಡಾಕ್ಟರ್ ಅವನನ್ನು ನೋಡಿದ ರೀತಿ ನೆನಪಾಯಿತು. ಅಜ್ಜಿಯ ಕಥೆಗಳಲ್ಲಿ ರಾಜವೈದ್ಯರೂ ಅಳಿಯಂದಿರೂ ಸೇರಿ ಮಾಡುವ ಕೆಲಸಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು.

ಮನೆಯಲ್ಲಿ ಹೇಳಲಾಗಲಿಲ್ಲ. ಹೇಳಿದರೆ ಎಲ್ಲಿ ಕೇಳಿದೆ ಎನ್ನುತ್ತಾರೆ. ಶನಿವಾರ, ಭಾನುವಾರ ಚಿಕ್ಕಪ್ಪ ಬಡಿಸಿದ್ದನ್ನು ನಾನು ಮೂಸಿ ನೋಡಿ ತಿಂದೆ. ಅವನು ಒಮ್ಮೆ ‘ಯಾಕೆ ಮಗಾ, ಹುಳಿ ಕೆಟ್ಟಿದೆಯಾ?’ ಎಂದ. ನಾನೂ ಹೂಂ ಎಂದೆ.

ಸೋಮವಾರ ನಾಲ್ವರೂ ಹೋದೆವು. ಅಜ್ಜಿ ಹೊರಗಿನ ಬೆಂಚಿನಲ್ಲಿ ಕೂತಳು. ಡಾಕ್ಟರ್ ಈ ಸಲ ನರ್ಸಮ್ಮ ಕೆಮ್ಮುವ ಮೊದಲೇ ಶುರುಮಾಡಿದರು.

‘ಸೋಮವಾರ. ಒಳ್ಳೆ ಸುದ್ದಿ. ಹುಡುಕಿದ್ದ ಯಾವ ಮ್ಯುಟೇಶನ್ನೂ ಸಿಕ್ಕಿಲ್ಲ. ಈಗ ಆಪರೇಷನ್ ಬೇಡ. ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ. ದನಿ ಒಡೆದಿರೋದು ಕೂಗಿ ಕೂಗಿ. ಗಂಟಲಿಗೆ ಒಂದಿಷ್ಟು ದಿನ ರಜಾ ಕೊಡಿ.’

ಚಿಕ್ಕಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಚಿಕ್ಕಪ್ಪ ಗೋಡೆಗೆ ಒರಗಿದ. ಅವನ ಮುಖದಲ್ಲಿ ಕಂಡ ನೆಮ್ಮದಿ ನನ್ನ ಮೈ ಉರಿಸಿತು.

‘ಸುಳ್ಳು ಚಿಕ್ಕಮ್ಮ’ ಎಂದೆ. ‘ಮ್ಯುಟೇಶನ್ ಇದೆ. ಗುರುವಾರ ಇವರೇ ಚಿಕ್ಕಪ್ಪಂಗೆ ಹೇಳಿದ್ರು. ಪೂರ್ತಿ ತೆಗೀಬೇಕು ಅಂದ್ರು. ದಾಕ್ಷುಗೆ ಗೊತ್ತಾಗಬಾರದು ಅಂತ ಚಿಕ್ಕಪ್ಪ ಹೇಳಿದ್ರು. ವಾರ ಹೇಳೇ ಹೇಳಿದ್ರು. ನಾನು ಕಿವಿಯಾರೆ ಕೇಳಿದೀನಿ.’

ಚಿಕ್ಕಮ್ಮ ನನ್ನನ್ನು ನೋಡಿದಳು, ಆಮೇಲೆ ಅವನನ್ನು. ‘ರೀ, ಇದೇನ್ರೀ ಇವಳು ಹೇಳ್ತಿರೋದು?’

ಅವನು ಕೊರಳಗುಂಡಿಯನ್ನು ಮುಟ್ಟಿಕೊಂಡ. 

‘ಗುರುವಾರ ನೀವು ಇಲ್ಲಿಗೆ ಬಂದಿದ್ರಾ?’

‘ಬಂದಿದ್ದೆ.’

‘ಸುಣ್ಣ ಹೊಡೆಸಕ್ಕೆ ಹೋಗ್ತೀನಿ ಅಂದ್ರಿ.’ ಅವಳು ಡಾಕ್ಟರ ಕಡೆ ತಿರುಗಿದಳು. ಒಡೆದ ದನಿಯನ್ನು ಎಲ್ಲಿಂದಲೋ ಎಳೆದು ತಂದು, ಮಂಡಿಯ ಕೂಗಿನಲ್ಲಿ ಹೇಳಿದಳು. ‘ತೆಗೆದುಬಿಡಿ ಡಾಕ್ಟ್ರೆ. ಈ ವಾರಾನೇ ತೆಗೀರಿ. ದನಿ ಹೋದ್ರೆ ಹೋಗ್ಲಿ, ಹೂ ಕಟ್ಟಿ ಬದುಕ್ತೀನಿ. ನನ್ನ ಗಂಟಲಲ್ಲಿ ಏನಿದೆ ಅಂತ ನಂಗೊಬ್ಬಳಿಗೇ ಗೊತ್ತಿಲ್ದೆ ಇರೋದು ಬೇಡ.’

‘ನಿಮಗೆ ನಾನು ಸುಳ್ಳು ಹೇಳಿಲ್ಲ’ ಎಂದರು ಡಾಕ್ಟರ್. ‘ನಿಮ್ಮ ಗ್ರಂಥಿ ತೆಗೆಯೋ ಕಾರಣ ಈಗ ಇಲ್ಲ.’

‘ಹಂಗಾದ್ರೆ ಗುರುವಾರ ಹೇಳಿದ್ದೇನು?’ ಎಂದೆ ನಾನು.

ಡಾಕ್ಟರ್ ಬಾಯಿ ತೆರೆದರು. ಚಿಕ್ಕಪ್ಪನ ಕಡೆ ನೋಡಿ ಮುಚ್ಚಿಕೊಂಡರು. ನೋಡಿದಿರಾ, ಎಂದು ನಾನು ಚಿಕ್ಕಮ್ಮನಿಗೆ ಕಣ್ಣಿನಲ್ಲೇ ಹೇಳಿದೆ.

ಚಿಕ್ಕಪ್ಪ ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದ. ಅಲ್ಲೊಂದು ಲೋಟದಲ್ಲಿ ನೀರಿತ್ತು. ಅವನು ಅಂಗಿಯ ಕೊರಳಗುಂಡಿ ಬಿಚ್ಚಿ, ಚಿಕ್ಕಮ್ಮನ ಕಡೆ ಮುಖ ಮಾಡಿ ನಿಂತು, ಗಲ್ಲ ಮೇಲೆತ್ತಿ, ಒಂದು ಗುಟುಕು ನುಂಗಿದ. ಅವನ ಗಂಟಲ ಒಂದು ಪಕ್ಕದಲ್ಲಿ ಸಣ್ಣ ಉಬ್ಬೊಂದು ಮೇಲೆ ಹೋಯಿತು. ಕೆಳಗೆ ಬಂತು.

 ಮರುದಿನ ಆ ಹೊತ್ತಿಗೆ ಆ ಕೋಣೆಯಲ್ಲಿ ಏನೂ ಮರಳಿ ಕೇಳಿಸಿರಲಿಕ್ಕಿಲ್ಲ.

‘ಅದು ನಂದು’ ಎಂದ ಕೊನೆಗೆ. ‘ಅವತ್ತು ನಿನ್ನ ಎಂಜಲು ನೀರು ಕುಡಿದೆನಲ್ಲ, ಆವಾಗ್ಲೇ ಇವರಿಗೆ ಕಾಣಿಸ್ತಂತೆ. ಆಮೇಲೆ ಬನ್ನಿ ಅಂದ್ರು. ಬಂದೆ. ನಂಗೂ ಸೂಜಿ ಚುಚ್ಚಿ ಲ್ಯಾಬಿಗೆ ಕಳಿಸಿದ್ರು. ನಿಂದು ಏನಾಗುತ್ತೋ ಅಂತ ನೀನು ಒದ್ದಾಡ್ತಿದ್ದೆ. ನಿಂದು ಗೊತ್ತಾದ ಮೇಲೆ ನಂದು ಹೇಳೋಣ ಅಂತ.’

ನಮ್ಮೂರಿನವರು ಯಾವತ್ತಿನ ಮಾತು ಎಂದು ಕೇಳುವುದರಲ್ಲಿ ಎಷ್ಟು ಪಳಗಿದ್ದೇವೆಂದರೆ, ಯಾರ ವಿಷಯದ ಮಾತು ಎಂದು ಕೇಳುವುದೇ ಬಿಟ್ಟುಹೋಗಿದೆ. ಗುರುವಾರ ಎಂದಿದ್ದು ಕೇಳಿ ನಾನು ಎಲ್ಲವನ್ನೂ ಕೇಳಿದೆ ಎಂದುಕೊಂಡಿದ್ದೆ. ಚಿಕ್ಕಮ್ಮನ ಕೊಯ್ಯಬೇಕಾಗಿಲ್ಲದ ಗಂಟಲನ್ನು ಇನ್ನೊಂದು ಗಳಿಗೆಯಲ್ಲಿ ಕೊಯ್ಯಿಸಿಬಿಡುವವಳಿದ್ದೆ.

ಚಿಕ್ಕಮ್ಮ ಎದ್ದು ಹೋಗಿ ಅವನ ಗಂಟಲನ್ನು ಬೆರಳ ತುದಿಯಿಂದ ಮುಟ್ಟಿದಳು. ಹೂವಿನ ತೂಕ ನೋಡುವವಳ ಹಾಗೆ.

‘ದೊಡ್ಡ ಸಾಹೇಬ್ರ ಥರ ಕೊರಳಗುಂಡಿ ಹಾಕ್ಕೊಂಡು ಓಡಾಡಕ್ಕೆ ಶುರು ಮಾಡಿದಾಗ್ಲೇ ನಂಗೆ ಅನುಮಾನ ಬಂತು’ ಎಂದಳು.

‘ಗಂಟು ಅಂತ ಗೊತ್ತಾಯ್ತಾ?’

‘ಅಲ್ಲ. ಯಾವಳೋ ಸಿಕ್ಕಿದ್ದಾಳೆ ಅಂತ.’

ಚಿಕ್ಕಪ್ಪ ನಕ್ಕ. ನರ್ಸಮ್ಮ ಕೆಮ್ಮಿದರು, ಆದರೆ ಅದು ವಾರ ಹೇಳಿ ಎಂಬ ಕೆಮ್ಮಲ್ಲ. ಹೊರಗಿನ ಬೆಂಚಿನಲ್ಲಿ ಅಜ್ಜಿಗೆ ವಿಷಯ ತಿಳಿಸಿದಾಗ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ಹಕ್ಕಿ ಸರಿಯಾದ ಮನೆಗೇ ಬಂದಿದೆ. ನಾನೇ ತಪ್ಪು ಕತ್ತು ಹಿಡ್ಕೊಂಡು ನೋಡ್ದೆ’ ಎಂದಳು. ಆಮೇಲೆ ಅಳಿಯನಿಗೆ ಕೇಳುವಂತೆ, ‘ಮಾತಾಡಿ ಅಳಿಯಂದ್ರೆ, ಇನ್ನಾದ್ರೂ ಮಾತಾಡಿ. ಅದರ ಕಾಳು ನಿಲ್ಲಿಸಿ’ ಎಂದಳು. ಕಥೆಗೂ ಕಾಯಿಲೆಗೂ ಸಂಬಂಧವಿಲ್ಲ ಎಂದು ಡಾಕ್ಟರ್ ಆಮೇಲೆ ನನಗೆ ಬಿಡಿಸಿ ಹೇಳಿದರು. ಅಜ್ಜಿಗೆ ಹೇಳುವ ಧೈರ್ಯ ಅವರಿಗೂ ಬರಲಿಲ್ಲ.

ಮುಂದಿನ ವಾರ ಮಂಗಳವಾರ ಚಿಕ್ಕಪ್ಪನನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ದೊಡ್ಡ ಊರಿನಿಂದ ಕತ್ತಿನ ಆಪರೇಷನ್ ಮಾಡುವ ಡಾಕ್ಟರೊಬ್ಬರು ಬಂದಿದ್ದರು. ಬುಧವಾರ ಬೆಳಿಗ್ಗೆ ಅವನನ್ನು ಒಳಗೆ ಕರೆದುಕೊಂಡು ಹೋದರು. ಅವನ ಹಾಸಿಗೆ ಖಾಲಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮ ಒಂದು ಕಡೆ, ನಾನೊಂದು ಕಡೆ ಕೂತಿದ್ದೆವು. ಇನ್ನೂ ಯಾರೂ ಬಂದು ಏನೂ ಹೇಳಿರಲಿಲ್ಲ. ಅವಳ ಗಂಟಲಿಗೆ ರಜಾ ಇತ್ತು. ನನಗೆ ಮಾತಾಡಲು ಬಾಯಿರಲಿಲ್ಲ.

ಆಗ ಹಾಸಿಗೆಯ ಕಡೆಯಿಂದ ಚಿಕ್ಕಪ್ಪ ಕೆಮ್ಮಿದ.

ಇಬ್ಬರೂ ಬೆಚ್ಚಿದೆವು. ಆಮೇಲೆ ನೆನಪಾಯಿತು. ನಿನ್ನೆ ಇದೇ ಹೊತ್ತಿಗೆ ಚಿಕ್ಕಮ್ಮ ಗಂಜಿ ತರಲು ಹೋಗಿದ್ದಳು. ನಾನು ಅವಳ ಜೊತೆಗಿದ್ದೆ. ಕೋಣೆಯಲ್ಲಿ ಅವನೊಬ್ಬನೇ ಇದ್ದ.

‘ಮಂಗಳವಾರ’ ಎಂದಿತು ಅವನ ದನಿ. ‘ನಾಗಭೂಷಣ ಹೇಳ್ತಾ ಇರೋದು. ದಾಕ್ಷುಗೆ.’ ಇನ್ನೊಮ್ಮೆ ಕೆಮ್ಮಿ ಮುಂದುವರಿಯಿತು. ‘ನಾಳೆ ಈ ದನಿ ಇರುತ್ತೋ, ಬೇರೆ ಥರ ಆಗುತ್ತೋ ಗೊತ್ತಿಲ್ಲ. ನುಂಗಿದ್ದನ್ನೆಲ್ಲ ಇದರಲ್ಲೇ ಹೇಳಿಬಿಡ್ತೀನಿ. ಶುರು ಮಾಡೋ ಮುಂಚೆ, ಸುಗುಣ ಅಲ್ಲೇ ಕೂತಿರ್ತಾಳೆ. ಮಗಾ, ಎದ್ದು ಹೊರಗೆ ಹೋಗು. ಬಾಗಿಲು ಎಳ್ಕೊ.’

ನಾನು ಎದ್ದೆ. ಚಿಕ್ಕಮ್ಮ ನನ್ನನ್ನು ನೋಡಲಿಲ್ಲ. ಅವಳು ಆ ಖಾಲಿ ದಿಂಬಿನ ಕಡೆಗೆ, ಹೊಸ ಗಿರಾಕಿಯ ಹಾಗೆ, ಒಂದು ಮಾತೂ ತಪ್ಪಿಹೋಗಬಾರದೆಂದು ಕಿವಿ ಕೊಟ್ಟು ಬಾಗಿದ್ದಳು. ನಾನು ಬಾಗಿಲು ಎಳೆದುಕೊಂಡು, ಅಷ್ಟು ಸಾಲದೆಂದು ಪಡಸಾಲೆಯ ಕೊನೆಯವರೆಗೆ ಹೋಗಿ ನಿಂತೆ.

ಡಾಕ್ಟರ್ ಅನಘಾ ಆಪರೇಷನ್ ಟೋಪಿಯನ್ನು ಕೈಯಲ್ಲಿ ಹಿಡಿದು ಎದುರಿನಿಂದ ಬಂದರು. ‘ಚಿಕ್ಕಮ್ಮ ಒಳಗಿದ್ದಾರಾ?’

‘ಸ್ವಲ್ಪ ತಡೀರಿ ಡಾಕ್ಟ್ರೆ. ಒಳಗೆ ಮಾತು ನಡೀತಿದೆ.’

‘ಯಾರ ಜೊತೆ?’

‘ಚಿಕ್ಕಪ್ಪನ ಜೊತೆ.’

ಅವರು ನನ್ನನ್ನೊಮ್ಮೆ, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದರು. ಅವನನ್ನು ಆಗಷ್ಟೇ ಬಿಟ್ಟು ಬಂದವರು ಅವರು. ಆಮೇಲೆ ಅರ್ಥವಾಯಿತು. ‘ನಿಮಗಾದ್ರೂ ಹೇಳ್ತೀನಿ. ಬುಧವಾರ, ನಾಗಭೂಷಣ ಅವರ ವಿಷಯ...’

‘ಬೇಡ’ ಎಂದೆ. ‘ಮೊದಲು ಅವಳಿಗೆ.’

ಅವರ ಮುಖದಲ್ಲಿ ಏನಿದೆ ಎಂದು ಹುಡುಕಬಾರದೆಂದು ನಾನು ಕಿಟಕಿಯ ಕಡೆ ತಿರುಗಿದೆ. ಕೆಳಗೆ ಮಂಡಿಯ ತಗಡು ಬಿಸಿಲಿಗೆ ಹೊಳೆಯುತ್ತಿತ್ತು. ಒಂದಿಷ್ಟು ಹೊತ್ತಿನ ಮೇಲೆ ಕೋಣೆಯೊಳಗಿಂದ ಚಿಕ್ಕಮ್ಮನ ಸೀಳುದನಿ ಏಳುವುದು ಕೇಳಿಸಿತು. ಮಾತು ತಿಳಿಯಲಿಲ್ಲ. ನಾನು ತಿಳಿದುಕೊಳ್ಳಲು ಹೋಗಲೂ ಇಲ್ಲ.

ಗುರುವಾರ ಅದೇ ಹೊತ್ತಿಗೆ ಚಿಕ್ಕಪ್ಪ ಕತ್ತಿಗೆ ಪಟ್ಟಿ ಸುತ್ತಿಕೊಂಡು ದಿಂಬಿಗೆ ಒರಗಿ ಕೂತಿದ್ದ. ನರ ಉಳಿದಿತ್ತು. ದನಿ ಸದ್ಯಕ್ಕೆ ತೆಂಗಿನಗರಿ ಉಜ್ಜಿದ ಹಾಗಿತ್ತು, ಹೆಚ್ಚು ಮಾತಾಡಬೇಡಿ ಎಂದಿದ್ದರು. ಅವನಿಗೇನು ಕಷ್ಟ. ಚಿಕ್ಕಮ್ಮ ಗಂಜಿ ತರಲೆಂದು ಹೋಗಿದ್ದಳು, ಬೇಕೆಂದೇ ಹೋಗಿದ್ದಳೆಂದು ನನ್ನ ಗುಮಾನಿ. ಅವನು ಬಾಗಿಲ ಕಡೆ ಬೆರಳು ತೋರಿಸುವ ಮೊದಲೇ ನಾನು ಎದ್ದಿದ್ದೆ. ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನಿಂದ ಅವಳ ದನಿ ಬಂತು.

‘ಬುಧವಾರ. ದಾಕ್ಷು ಹೇಳ್ತಾ ಇರೋದು. ನಿಮಗೇರೀ.’

ಬಾಗಿಲು ಎಳೆದುಕೊಂಡೆ.